ತಪ್ಪು ಪೊರೆಯದಲ್ಲ, ಚಳಿಯದು

ಜೇನು ಚಳಿಗೆ ಮಂದವಾಗುತ್ತದೆ, ಕುಪ್ಪಿ ಬಗ್ಗಿಸಿದರೂ ಬೇಗ ಇಳಿಯುವುದಿಲ್ಲ. ಇದು ನಮ್ಮ ಕಾಸರಗೋಡಿನ ಕಡೆಯ ಮಕ್ಕಳಿಗೆಲ್ಲ ಗೊತ್ತು. ಆದರೆ ನೀರೂ ಹಾಗೆಯೇ ಎಂದರೆ ತರಗತಿಯಲ್ಲಿ ಯಾರೂ ನಂಬುವುದಿಲ್ಲ. ಸಮುದ್ರದ ನೀರನ್ನು ಕುಡಿಯುವ ನೀರಾಗಿಸಿದ ಚರಿತ್ರೆಯಲ್ಲಿ ಈ ಸಣ್ಣ ಸಂಗತಿಗೆ ದೊಡ್ಡ ಪಾತ್ರವಿದೆ. ಅದನ್ನೇ ಈ ಸಲ ಹೇಳೋಣ.

ಕಥೆ ಶುರುವಾಗುವುದು ಫ್ರಾನ್ಸಿನಲ್ಲಿ. 1748ರಲ್ಲಿ ನೊಲೆ ಎಂಬ ಪಾದ್ರಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಕಟ್ಟಿ ನೀರಿನಲ್ಲಿಟ್ಟರು. ನೀರು ಒಳಗೆ ನುಗ್ಗಿ ಪೊರೆ ಉಬ್ಬಿತು. ನಾವು ಪಾಠದಲ್ಲಿ ಹೇಳುವ ಅಭಿಸರಣ ಇದೇ. ಸುಮಾರು ನೂರು ವರ್ಷದ ನಂತರ, 1840ರ ದಶಕದಲ್ಲಿ, ಅದೇ ದೇಶದ ಪ್ವಾಸೇಯ್ ಎಂಬ ವೈದ್ಯರು ಕೂದಲಿನಂಥ ಗಾಜಿನ ನಳಿಗೆಗಳಲ್ಲಿ ನೀರು ಹರಿಸಿ ಅಳೆದರು. ನೀರು ತಣ್ಣಗಾದಷ್ಟೂ ಹರಿವು ಕಡಿಮೆಯಾಯಿತು. ಈ ಗುಣಕ್ಕೆ ಸ್ನಿಗ್ಧತೆ ಎನ್ನುತ್ತೇವೆ. 25 ಡಿಗ್ರಿಯ ನೀರಿಗಿಂತ 5 ಡಿಗ್ರಿಯ ನೀರಿನ ಸ್ನಿಗ್ಧತೆ ಸುಮಾರು 1.7 ಪಟ್ಟು.

ಈ ಎರಡು ಎಳೆಗಳು ಒಂದಾಗಲು ಮತ್ತೆ ನೂರು ವರ್ಷ ಬೇಕಾಯಿತು. ಪೊರೆಯ ಮೂಲಕ ನೀರನ್ನು ಹಿಮ್ಮುಖವಾಗಿ ತಳ್ಳಿದರೆ ಉಪ್ಪು ಹಿಂದೆಯೇ ಉಳಿಯುತ್ತದೆ ಎಂದು ಅಮೆರಿಕದ ಫ್ಲೋರಿಡಾದಲ್ಲಿ ರೀಡ್ ಮತ್ತು ಬ್ರೆಟನ್ 1959ರ ಹೊತ್ತಿಗೆ ತೋರಿಸಿದರು. ಆದರೆ ಸಿಕ್ಕಿದ್ದು ತೊಟ್ಟು ತೊಟ್ಟು ನೀರು. ಅದೇ ಕಾಲದಲ್ಲಿ ಲಾಸ್ ಏಂಜಲೀಸಿನಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಸೇರಿ, ಮೇಲೆ ತೀರಾ ತೆಳು ಪದರ, ಕೆಳಗೆ ರಂಧ್ರಗಳ ಆಧಾರ ಇರುವ ಪೊರೆ ಮಾಡಿದರು. ನೀರು ಹಲವು ಪಟ್ಟು ಹೆಚ್ಚಾಯಿತು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗ ಊರು ಇಂಥ ಪೊರೆಯಿಂದ ಸವಳು ನೀರನ್ನು ಸಿಹಿ ಮಾಡಿಕೊಂಡಿತು. ಮುಂದೆ ಸಮುದ್ರದ ಸರದಿ. ಅಲ್ಲಿ ಉಪ್ಪಿನ ಎದುರೊತ್ತಡವೇ ವಾಯುಭಾರದ ಸುಮಾರು 27 ಪಟ್ಟು. ಅದನ್ನು ಮೀರಿ ನೀರು ಬರಬೇಕಾದರೆ 55ರಿಂದ 70 ಪಟ್ಟು ಒತ್ತಬೇಕು.

ಇಲ್ಲಿ ಚಳಿ ಅಡ್ಡ ಬಂತು. ನೀರಿನ ಬಿಸಿ ಒಂದು ಡಿಗ್ರಿ ಇಳಿದರೆ ಪೊರೆ ಕೊಡುವ ನೀರು ಸುಮಾರು 3 ಶೇಕಡಾ ಇಳಿಯುತ್ತದೆ. 25 ಡಿಗ್ರಿಯಲ್ಲಿ 100 ಲೀಟರ್ ಕೊಡುವ ಪೊರೆ, ಒತ್ತಡ ಅಷ್ಟೇ ಇದ್ದರೆ, 5 ಡಿಗ್ರಿಯಲ್ಲಿ ಹತ್ತಿರ ಹತ್ತಿರ ಅರ್ಧ ಕೊಡುತ್ತದೆ. ನೀರು ಮಂದವಾಗುವುದು ಒಂದು ಕಾರಣ, ಪೊರೆಯೇ ಬಿಗಿಯಾಗುವುದು ಇನ್ನೊಂದು. ಒಂದು ಲಾಭವೂ ಉಂಟು: ಉಪ್ಪು ನುಸುಳುವುದೂ ಕಡಿಮೆ. ಬೆಚ್ಚಗಿನ ಕಡಲಲ್ಲಿ ನೀರು ಹೆಚ್ಚು ಸಿಗುತ್ತದೆ, ಉಪ್ಪೂ ಹೆಚ್ಚು ಜಾರುತ್ತದೆ.

ಇದು ಗೊತ್ತಿಲ್ಲದವರು ಚಳಿಗಾಲದಲ್ಲಿ ನೀರು ಇಳಿದೊಡನೆ ಪೊರೆ ಕೊಳೆಯಾಯಿತೆಂದು ರಾಸಾಯನಿಕ ಹಾಕಿ ತೊಳೆಯುತ್ತಾರೆ. ಬೇಡದೆ ತೊಳೆದರೆ ಪೊರೆಯ ಆಯುಸ್ಸು ಕಡಿಮೆಯಾಗುತ್ತದೆ. ಆದ್ದರಿಂದಲೇ ಪ್ರತಿದಿನದ ಲೆಕ್ಕವನ್ನು 25 ಡಿಗ್ರಿಗೆ ತಿದ್ದಿಕೊಂಡು ನೋಡುವ ಪದ್ಧತಿ ಬಂತು. ಹಾಗೆ ತಿದ್ದಿದ ಮೇಲೂ ಇಳಿದಿದ್ದರೆ ಮಾತ್ರ ಪೊರೆಯನ್ನು ಸಂಶಯಿಸಬೇಕು.

ಚಳಿಗೆ ಉಪಾಯಗಳು ಮೂರು: ಹೆಚ್ಚು ಒತ್ತುವುದು, ಹೆಚ್ಚು ಪೊರೆ ಹಾಕುವುದು, ಇಲ್ಲವೇ ಬೆಚ್ಚಗಿನ ನೀರು ಹುಡುಕುವುದು. ಮೊದಲಿನದಕ್ಕೆ ಕರೆಂಟು ಬೇಕು, ಎರಡನೆಯದಕ್ಕೆ ಹಣ ಬೇಕು. ಫ್ಲೋರಿಡಾದ ಟ್ಯಾಂಪಾ ಬೇ ಸ್ಥಾವರವನ್ನು ವಿದ್ಯುತ್ ಸ್ಥಾವರದ ಪಕ್ಕ ಕಟ್ಟಿ, ಅದು ಬಳಸಿ ಬಿಟ್ಟ ಬೆಚ್ಚಗಿನ ಕಡಲ ನೀರನ್ನೇ ತೆಗೆದುಕೊಳ್ಳುವಂತೆ ಮಾಡಿದರು.

ನಮ್ಮ ಅರಬ್ಬಿ ಕಡಲು ಸದಾ ಬೆಚ್ಚಗೆ, ನಮಗೇಕೆ ಇದು ಎನ್ನಬಹುದು. ಆದರೆ 2012ರಲ್ಲಿ ಅಂಟಾರ್ಕ್ಟಿಕಾದಲ್ಲಿ ಶುರುವಾದ ನಮ್ಮ ದೇಶದ ಭಾರತಿ ಕೇಂದ್ರದವರು ಕುಡಿಯುವುದು ಸೊನ್ನೆ ಡಿಗ್ರಿಯ ಆಸುಪಾಸಿನ ಕಡಲಿನಿಂದ ಹೀಗೆ ಸೋಸಿದ ನೀರನ್ನೇ.

ಮಕ್ಕಳೇ, ಖಾಲಿ ರೀಫಿಲ್ಲಿನ ತುದಿ ಕಿತ್ತು ಚೆನ್ನಾಗಿ ತೊಳೆಯಿರಿ. ಅದರ ಮೂಲಕ ಒಮ್ಮೆ ಐಸ್ ನೀರು, ಒಮ್ಮೆ ಉಗುರುಬೆಚ್ಚಗಿನ ನೀರು ಅಷ್ಟಷ್ಟೇ ಹರಿಸಿ, ಗಡಿಯಾರ ನೋಡಿ. ಪ್ವಾಸೇಯ್ ಕಂಡದ್ದು ನಿಮಗೂ ಕಾಣುತ್ತದೆ. ನಾವು ಮೇಷ್ಟ್ರುಗಳಿಗೂ ಇದರಲ್ಲಿ ಒಂದು ಪಾಠವಿದೆ: ಅಂಕ ಇಳಿದಾಗ ಮಗುವನ್ನು ಬೈಯುವ ಮೊದಲು, ಅದರ ಸುತ್ತಲಿನ ಚಳಿ ಎಷ್ಟೆಂದು ನೋಡಬೇಕು.