ಪ್ರಾಯ ತುಂಬಿದವನಿಗೂ ವಲಿ ಬೇಕಾದಾಗ

ಬೆಳ್ತಂಗಡಿ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಭಾಗದ ಗೇರು ತೋಟಗಳ ಮೇಲೆ 1980ರ ದಶಕದಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ತಡೆಯಿತು. ಅಲ್ಲಿ ಬುದ್ಧಿಮಾಂದ್ಯರಾಗಿ ಹುಟ್ಟಿದ ಮಕ್ಕಳು ಈಗ ಮೂವತ್ತು, ನಲ್ವತ್ತರ ಪ್ರಾಯದವರು. ಹೆತ್ತವರು ಮುದುಕರಾಗಿದ್ದಾರೆ. ಬೇರೆ ಕಾರಣಗಳಿಂದ ಇಂತಹ ಸ್ಥಿತಿಯಲ್ಲಿರುವ ಮನೆಗಳು ಬಂಟ್ವಾಳ, ಮೂಡುಬಿದಿರೆಗಳಲ್ಲೂ ಇವೆ. ಮಗನಿಗೆ 18 ತುಂಬಿದ ದಿನವೇ ತಂದೆಯ ಕಾನೂನುಬದ್ಧ ರಕ್ಷಕತ್ವ ಮುಗಿಯುತ್ತದೆ ಎಂಬುದು ಹೆಚ್ಚಿನ ಮನೆಗಳಿಗೆ ತಿಳಿದಿರುವುದಿಲ್ಲ.

ಈ ಪ್ರಶ್ನೆ ಹೊಸದಲ್ಲ. ವಿವೇಕ ಬಲಿಯದವರ ಕೈಗೆ ಸೊತ್ತನ್ನು ಒಪ್ಪಿಸಬೇಡಿ, ಆದರೆ ಅದರಿಂದಲೇ ಅವರಿಗೆ ಅನ್ನ, ಬಟ್ಟೆ ಕೊಟ್ಟು ಒಳ್ಳೆಯ ಮಾತನಾಡಿ ಎಂಬುದು ಸೂರಃ ಅನ್ನಿಸಾದ 5ನೇ ವಚನದ ಆಶಯ. ಯತೀಮರ ಕುರಿತ ಮುಂದಿನ ವಚನ ಇನ್ನೂ ಬಿಗಿ: ಸ್ಥಿತಿವಂತ ರಕ್ಷಕ ಅದರಿಂದ ಏನನ್ನೂ ಮುಟ್ಟಬಾರದು, ಬಡವ ನ್ಯಾಯವಾದಷ್ಟನ್ನು ಮಾತ್ರ ತೆಗೆದುಕೊಳ್ಳಬಹುದು, ಮರಳಿಸುವಾಗ ಸಾಕ್ಷಿಗಳಿರಬೇಕು. ಫಿಕ್ಹ್ ಗ್ರಂಥಗಳು ಇದನ್ನು 'ಹಜ್ರ್' ಎಂಬ ಅಧ್ಯಾಯದಲ್ಲಿ ಚರ್ಚಿಸಿದವು. ಬುದ್ಧಿ ಸ್ವಸ್ಥವಿರುವ ಪ್ರೌಢನನ್ನು ದುಂದುಗಾರನೆಂಬ ಕಾರಣಕ್ಕೆ ತಡೆಯಬಾರದು, 25 ತುಂಬಿದೊಡನೆ ಅವನ ಸೊತ್ತು ಅವನಿಗೆ ಸಿಗಬೇಕು ಎಂದರು ಇಮಾಮ್ ಅಬೂ ಹನೀಫಾ(ರ). ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಇದನ್ನು ಒಪ್ಪಲಿಲ್ಲ. ಕರಾವಳಿಯಲ್ಲಿ ನಾವು ಅನುಸರಿಸುವ ಶಾಫಿಈ ಮದ್‌ಹಬ್ ಕೂಡ ಒಪ್ಪಲಿಲ್ಲ. ಅದರ ಪ್ರಕಾರ ಖಾಝಿ ತಡೆ ಹೇರಬಹುದು.

ಬ್ರಿಟಿಷರ ಕಾಲದಲ್ಲಿ ಖಾಝಿಯ ಜಾಗಕ್ಕೆ ಜಿಲ್ಲಾ ಕೋರ್ಟ್ ಬಂತು. 1858ರ 35ನೇ ಕಾಯ್ದೆ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಂತಹ ಜಿಲ್ಲೆಗಳಿಗೆ ಅನ್ವಯಿಸಿತು. ವಿಚಾರಣೆ ನಡೆಸಿದ ಬಳಿಕವೇ ಸೊತ್ತಿಗೊಬ್ಬ ಮ್ಯಾನೇಜರ್, ವ್ಯಕ್ತಿಗೊಬ್ಬ ರಕ್ಷಕ. 1912ರ ಲೂನಸಿ ಕಾಯ್ದೆ (ಹೆಸರೇ ಎಷ್ಟು ಒರಟು!) ಒಂದು ಜಾಣತನದ ಮಾತು ಹೇಳಿತು: ರೋಗಿಗೆ ಒಳಿತೆಂದು ಕೋರ್ಟಿಗೆ ಅನಿಸಿದರಷ್ಟೇ ಅವನ ವಾರಸುದಾರನನ್ನು ರಕ್ಷಕನಾಗಿ ನೇಮಿಸಬೇಕು. ಅವನು ತೀರಿಕೊಂಡರೆ ಯಾರಿಗೆ ಲಾಭವೋ ಅವರ ಕೈಗೇ ಅವನನ್ನು ಕೊಡಲು ಕಾನೂನು ಹಿಂಜರಿಯಿತು. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ಪಾಲುಪಟ್ಟಿಯ ದಿನ "ಇವನನ್ನು ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತಾರೆ ಅಣ್ಣತಮ್ಮಂದಿರು, ಹಕ್ಕು ಬಿಡುಗಡೆ ಪತ್ರಕ್ಕೆ ಅವನ ಹೆಬ್ಬೆಟ್ಟು ಒತ್ತಿಸುತ್ತಾರೆ. ಶರೀಅತ್ತಿನಲ್ಲಿ ಅವನ ಪಾಲು ಒಂದು ಸೆಂಟ್ಸ್ ಕೂಡ ಕಡಿಮೆಯಿಲ್ಲ. ಏನಕ್ಕೆ ಒಪ್ಪುತ್ತಿದ್ದೇನೆಂದು ಅರ್ಥವಾಗದವನ ಹೆಬ್ಬೆಟ್ಟಿಗೆ 1872ರ ಕರಾರು ಕಾಯ್ದೆಯಲ್ಲೂ ಬೆಲೆಯಿಲ್ಲ.

ಇಂದಿನ ದಾರಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆ ಇರುವವರಿಗೆ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ರಕ್ಷಕರನ್ನು ನೇಮಿಸುತ್ತದೆ. ಸಮಿತಿಯಲ್ಲಿ ಅಂಗವಿಕಲರೊಬ್ಬರು ಇರಲೇಬೇಕು. ನೇಮಕವಾದವರು ಆರು ತಿಂಗಳೊಳಗೆ ಸೊತ್ತಿನ ಪಟ್ಟಿ, ಪ್ರತೀ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷ್ಯ ಅಥವಾ ದುರುಪಯೋಗ ಕಂಡರೆ ಯಾವುದೇ ಸಂಬಂಧಿಕರು ದೂರಿ ಅವರನ್ನು ತೆಗೆಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 'ಸೀಮಿತ ರಕ್ಷಕತ್ವ' ತಂದಿತು. ರಕ್ಷಕ ಅವರನ್ನು ಕೇಳಿಯೇ ತೀರ್ಮಾನಿಸಬೇಕು.

ಮಾನಸಿಕ ರೋಗ, ಮರೆವಿನ ಕಾಯಿಲೆ ಬಂದವರ ಸ್ಥಿತಿ ಇಷ್ಟು ಸ್ಪಷ್ಟವಿಲ್ಲ. 1987ರ ಕಾಯ್ದೆಯಲ್ಲಿ ಅವರ ಸೊತ್ತಿಗೆ ಮ್ಯಾನೇಜರ್ ನೇಮಿಸುವ ಅವಕಾಶವಿತ್ತು. ಅದನ್ನು ರದ್ದುಗೊಳಿಸಿದ 2017ರ ಕಾಯ್ದೆ ಚಿಕಿತ್ಸೆಗೆ ಪ್ರತಿನಿಧಿಯನ್ನು ಕೊಟ್ಟಿತು, ಸೊತ್ತಿನ ಮಾತೆತ್ತಲಿಲ್ಲ. ಕೋಮಾದಲ್ಲಿರುವವರ ವಿಷಯದಲ್ಲಿ ಕೇರಳ ಹೈಕೋರ್ಟ್ 2019ರಲ್ಲಿ ತಾನೇ ಮಾರ್ಗಸೂಚಿ ರೂಪಿಸಬೇಕಾಯಿತು.

ತಾಯಂದಿರಿಗೆ ಒಂದು ವಿಷಯ. ಮುಸ್ಲಿಂ ಕಾನೂನಿನಂತೆ ಅಪ್ರಾಪ್ತ ಮಗುವಿನ ಸೊತ್ತಿಗೆ ತಾಯಿ ತಾನಾಗಿ ರಕ್ಷಕಿಯಲ್ಲವೆಂದು 1918ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿತ್ತು. 1999ರ ಕಾಯ್ದೆಯಡಿ, ಪ್ರಾಯ ತುಂಬಿದ ಮಗನಿಗೋ ಮಗಳಿಗೋ ತನ್ನನ್ನೇ ರಕ್ಷಕಿಯನ್ನಾಗಿ ನೇಮಿಸಲು ತಾಯಿ ಅರ್ಜಿ ಹಾಕಬಹುದು. ಅರ್ಜಿ ಹೋಗಬೇಕಾದದ್ದು ಮಂಗಳೂರಿನ ಸಮಿತಿಗೆ.