ಸಣ್ಣ ಜೀವಿಗಳನ್ನು ಕಂಡವರು

ಮೊಳಕಾಲ್ಮುರು ಎಂದೊಡನೆ ನಮಗೆ ನೆನಪಾಗುವುದು ರೇಷ್ಮೆ ಸೀರೆ. ಆ ಸೀರೆಯ ನೂಲು ಹಿಪ್ಪುನೇರಳೆ ಎಲೆ ತಿಂದು ಬದುಕುವ ಒಂದು ಸಣ್ಣ ಹುಳುವಿನಿಂದ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಉಪಯೋಗಕ್ಕೆ ಬರುವ ಹುಳುವಿನ ಹೊರತು ಬೇರೆ ಹುಳುಗಳ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಸಣ್ಣ ಜೀವಿಗಳನ್ನೂ ಅಪರೂಪದ ಕಾಡುಗಿಡಗಳನ್ನೂ ಗಮನವಿಟ್ಟು ನೋಡಿದವರಿಗೆ ಒಂದು ಚರಿತ್ರೆಯಿದೆ. ಅದನ್ನು ಅದೇ ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದಿಂದಲೇ ಆರಂಭಿಸಬಹುದು.

ಬಳೆಗಾರರ ಬಂಡೆ

ರಾವಣನೊಡನೆ ಹೋರಾಡಿದ ಜಟಾಯು ಪಕ್ಷಿ ಬಿದ್ದ ಜಾಗ ಇದೆಂದು ಸ್ಥಳೀಯರು ಹೇಳುತ್ತಾರೆ. ಬೆಟ್ಟದ ಹೆಸರೇ ಒಂದು ಹಕ್ಕಿಯ ನೆನಪು. ಇಲ್ಲಿನ ದೇವಾಲಯದ ಬಳಿಯ ಬಂಡೆಯೊಂದರ ಮೇಲೆ ಮೌರ್ಯ ಚಕ್ರವರ್ತಿ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ ಅವರು 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ, ಈ ಮೂರು ಸಮೀಪದ ಸ್ಥಳಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದರು. ಜಾತ್ರೆಯಲ್ಲಿ ಬಳೆಗಾರರು ಕುಳಿತು ವ್ಯಾಪಾರ ಮಾಡುತ್ತಿದ್ದುದರಿಂದ ಜಟಿಂಗ ರಾಮೇಶ್ವರದ ಬಂಡೆಗೆ ‘ಬಳೆಗಾರ ಗುಂಡು’ ಎಂಬ ಹೆಸರು ಬಂದಿತ್ತು. ಅಕ್ಷರಗಳು ಬಹಳ ಸವೆದಿವೆ. ಉಳಿದೆರಡು ಪ್ರತಿಗಳ ನೆರವಿನಿಂದಲೇ ಇದರ ಪಾಠವನ್ನು ಗ್ರಹಿಸಬೇಕು.

ತಂದೆತಾಯಿಯರ ಸೇವೆ ಮಾಡಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಉಪದೇಶ ಇದರಲ್ಲಿದೆ. ಅದರ ಜೊತೆಗೇ, ಜೀವಿಗಳ ವಿಷಯದಲ್ಲಿ ದಯೆಯನ್ನು ದೃಢವಾಗಿ ಪಾಲಿಸಬೇಕೆಂಬ ಮಾತೂ ಇದೆ. ಸುಮಾರು 2,200 ವರ್ಷಗಳ ಹಿಂದೆ ನಮ್ಮ ಬಯಲುಸೀಮೆಯ ಕಲ್ಲಿನ ಮೇಲೆ ಈ ಮಾತು ಮೂಡಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ಇರುವೆಗೂ ಒಂದು ಜಾಗ

‘ಜೀವಿಗಳು’ ಎಂದರೆ ಯಾವುವು? ಉತ್ತರ ಭಾರತದ ಸ್ತಂಭಗಳ ಮೇಲೆ ಅಶೋಕನು ಪಟ್ಟವೇರಿ 26 ವರ್ಷಗಳಾದ ಮೇಲೆ ಬರೆಸಿದ ಐದನೆಯ ಶಾಸನ ಇದಕ್ಕೆ ಉತ್ತರ ಕೊಡುತ್ತದೆ. ಕೊಲ್ಲಬಾರದ ಪ್ರಾಣಿಗಳ ಪಟ್ಟಿಯೇ ಅದರಲ್ಲಿದೆ. ಗಿಳಿ, ಮೈನಾಗಳ ಜೊತೆಗೆ ಬಾವಲಿ, ಆಮೆ, ಅಳಿಲು, ಮೂಳೆಯಿಲ್ಲದ ಮೀನು ಬರುತ್ತವೆ. ಒಂದು ಪದವನ್ನು ವಿದ್ವಾಂಸರು ‘ರಾಣಿ ಇರುವೆ’ ಎಂದು ಅರ್ಥೈಸಿದ್ದಾರೆ. ಜೀವಿಗಳಿರುವ ಹೊಟ್ಟನ್ನು ಸುಡಬಾರದು ಎಂಬ ಆಜ್ಞೆಯೂ ಇದೆ. ಹೊಟ್ಟಿನ ರಾಶಿಯೊಳಗೆ ಹುಳುಹುಪ್ಪಟೆ ಇರುತ್ತವೆಂದು ಯಾರೋ ಬಗ್ಗಿ ನೋಡಿರದಿದ್ದರೆ ಇಂಥ ಆಜ್ಞೆ ಹುಟ್ಟುತ್ತಿರಲಿಲ್ಲ.

ಈ ಶಾಸನವಿರುವ ಸ್ತಂಭಗಳಲ್ಲಿ ಒಂದನ್ನು ದೆಹಲಿಯ ಸುಲ್ತಾನ ಫಿರೋಜ್ ಷಾ ತುಘಲಕ್ 14ನೆಯ ಶತಮಾನದಲ್ಲಿ ತೋಪ್ರಾ ಎಂಬ ಊರಿನಿಂದ ಬಹಳ ಜತನದಿಂದ ತರಿಸಿ ದೆಹಲಿಯಲ್ಲಿ ನಿಲ್ಲಿಸಿದ. ಆ ಲಿಪಿಯನ್ನು ಆಗ ಯಾರೂ ಓದಲಾರದೆ ಹೋದರು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಅದನ್ನು ಓದಿದ. ಅಕ್ಷರಗಳನ್ನು ಓದಿದ ಮೇಲೂ ಪಟ್ಟಿಯ ಕೆಲವು ಹೆಸರುಗಳು ಯಾವ ಪ್ರಾಣಿಯವು ಎಂಬ ಚರ್ಚೆ ನಿಂತಿಲ್ಲ. ಹೆಸರು ಉಳಿದು ಅದರ ಹಿಂದಿನ ತಿಳಿವಳಿಕೆ ಅಳಿದರೆ ಹೀಗಾಗುತ್ತದೆ.

ಹೆಸರು ಕೇಳಿದ ಪ್ರವಾಸಿ

ಈ ಪಾಠವನ್ನು ಬಲ್ಲವನಂತೆ ನಡೆದುಕೊಂಡ ಒಬ್ಬ ನಿಸರ್ಗ ವಿಜ್ಞಾನಿ 1801ರಲ್ಲಿ ನಮ್ಮ ಜಿಲ್ಲೆಗೆ ಬಂದಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಪತನವಾಗಿ ಟಿಪ್ಪು ಸುಲ್ತಾನ್ ಮಡಿದ ನಂತರ, ಗವರ್ನರ್ ಜನರಲ್ ವೆಲ್ಲೆಸ್ಲಿ ಈ ನಾಡಿನ ಸಮೀಕ್ಷೆಗೆ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್‌ನನ್ನು ನೇಮಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ ಆತ ಮೈಸೂರು, ಮಲಬಾರ್, ಕನ್ನಡ ಜಿಲ್ಲೆಗಳನ್ನು ಸುತ್ತಿ, ಹರಿಹರ, ಚಿತ್ರದುರ್ಗ, ಹಿರಿಯೂರು, ಸಿರಾ ಮಾರ್ಗವಾಗಿ ಹಿಂತಿರುಗಿದ. ಆತನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ಬುಕಾನನ್ ಕಂಪನಿಯ ನೌಕರ. ಗೆದ್ದ ನಾಡಿನಲ್ಲಿ ಎಷ್ಟು ಆದಾಯವಿದೆ ಎಂದು ತಿಳಿಯುವುದೇ ಅವನನ್ನು ಕಳುಹಿಸಿದವರ ಉದ್ದೇಶ. ಇದನ್ನು ನಾವು ಮರೆಯಬಾರದು. ಆದರೂ ಅವನ ಕುತೂಹಲ ಆದಾಯದ ಲೆಕ್ಕಕ್ಕೆ ನಿಲ್ಲಲಿಲ್ಲ. ಅರಗಿನ ಹುಳು ಯಾವ ಮರದ ಮೇಲೆ ಸಾಕಲ್ಪಡುತ್ತದೆ, ಕಾಡಿನ ಮರಗಳನ್ನು ಊರಿನವರು ಏನೆಂದು ಕರೆಯುತ್ತಾರೆ ಎಂದು ಕೇಳಿ ಕೇಳಿ ಬರೆದುಕೊಂಡ. ಮುಂದೆ 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಗ್ರಂಥ ಬರೆದಾಗ ರೋಹು, ಕಾಟ್ಲಾ ಮುಂತಾದ ಮೀನುಗಳಿಗೆ ಅಲ್ಲಿನ ಜನರ ಹೆಸರನ್ನೇ ವೈಜ್ಞಾನಿಕ ಹೆಸರಾಗಿ ಇಟ್ಟ. ಅದೇ ಗ್ರಂಥದಲ್ಲಿ ಅವನು ವರ್ಣಿಸಿದ ಬೆರಳುದ್ದವೂ ಇಲ್ಲದ ಪಟ್ಟೆ ಮೀನು, ಅಂದರೆ ಜೀಬ್ರಾ ಮೀನು, ಇಂದು ಪ್ರಪಂಚದಾದ್ಯಂತ ವೈದ್ಯಕೀಯ ಸಂಶೋಧನೆಗೆ ಬಳಕೆಯಾಗುತ್ತಿದೆ. ಯಾವ ಸಣ್ಣ ಜೀವಿ ಯಾವಾಗ ಬೇಕಾಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ.

ತಪ್ಪಾಗಿ ಗುರುತಿಸಿದ ಹುಳು

ಸರಿಯಾಗಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ಕಾಲದಲ್ಲಿ ಉದಾಹರಣೆಯಿದೆ. ಮೆಕ್ಸಿಕೋ ದೇಶದಲ್ಲಿ ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಹುಳುವಿನಿಂದ ಬೆಲೆಬಾಳುವ ಕೆಂಪು ಬಣ್ಣ ದೊರೆಯುತ್ತಿತ್ತು. ಆ ವ್ಯಾಪಾರ ಸ್ಪೇನಿನವರ ಕೈಯಲ್ಲಿತ್ತು. ಅದನ್ನು ಭಾರತದಲ್ಲಿ ಬೆಳೆಸಬೇಕೆಂದು ಮದರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಕಳ್ಳಿಯ ತೋಟವನ್ನೇ ಮಾಡಿಸಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನಿಂದ ಹುಳುಗಳನ್ನು ಕಲ್ಕತ್ತೆಗೆ ತಂದ. ಆದರೆ ಅವು ಒಳ್ಳೆಯ ಬಣ್ಣ ಕೊಡುವ ಹುಳುಗಳಾಗಿರಲಿಲ್ಲ. ನೋಡಲು ಹಾಗೆಯೇ ಕಾಣುವ ಬೇರೊಂದು ಜಾತಿ! ಬಣ್ಣ ಕೀಳಾಗಿತ್ತು, ವ್ಯಾಪಾರ ಕೈಗೂಡಲಿಲ್ಲ. ಹುಳುಗಳು ಮಾತ್ರ ಒಂದು ಜಾತಿಯ ಕಳ್ಳಿಯನ್ನು ತಿಂದು ನಾಶ ಮಾಡುತ್ತಾ ಹೋದವು.

ಇದನ್ನು ಕಂಡವರು 1836ರ ಹೊತ್ತಿಗೆ ಅದೇ ಹುಳುವನ್ನು ದಕ್ಷಿಣ ಭಾರತದಲ್ಲಿ ಕಳ್ಳಿಯ ಹಾವಳಿ ತಡೆಯಲು ಬೇಕೆಂದೇ ಬಿಟ್ಟರು. ಇನ್ನೊಂದು ಜಾತಿಯ ಕಳ್ಳಿಯನ್ನು ಆ ಹುಳು ಮುಟ್ಟಲಿಲ್ಲ. ಅದಕ್ಕೆ ತಕ್ಕ ಹುಳು ಶ್ರೀಲಂಕಾದಿಂದ 1926ರಲ್ಲಿ ಬಂದು, ಕೆಲವೇ ವರ್ಷಗಳಲ್ಲಿ ದಕ್ಷಿಣದ ಒಣಭೂಮಿಗಳ ಕಳ್ಳಿ ಪೊದೆಗಳು ಕರಗಿದವು. ಭೂತಗನ್ನಡಿಯಲ್ಲಿ ನೋಡಬೇಕಾದಷ್ಟು ಸಣ್ಣ ವ್ಯತ್ಯಾಸವೊಂದು ನಾಡಿನ ಬೇಲಿ, ಹೊಲ, ಬಂಜರುಗಳ ರೂಪವನ್ನೇ ಬದಲಿಸಿತು.

ಬಂಜರು ಎಂಬ ಮಾತು

ಚಳ್ಳಕೆರೆ, ಮೊಳಕಾಲ್ಮುರುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ಇಂಥ ಬಯಲುಸೀಮೆಯ ಗಿಡಗಳು ಬದುಕುವ ರೀತಿಯೇ ವಿಚಿತ್ರ. ಮಂಗರವಳ್ಳಿಯ ನಾಲ್ಕು ಮೂಲೆಯ ದಪ್ಪ ಕಾಂಡ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಕ್ಯಾರಲೂಮ ಜಾತಿಯ ಗಿಡಗಳಲ್ಲಿ ಎಲೆ ಕಾಣುವುದೇ ಅಪರೂಪ, ಎಲೆಯ ಕೆಲಸವನ್ನು ಕಾಂಡವೇ ಮಾಡುತ್ತದೆ. ಅವುಗಳ ಹೂವಿನ ದುರ್ವಾಸನೆಗೆ ನೊಣಗಳು ಬಂದು ಪರಾಗಸ್ಪರ್ಶವಾಗುತ್ತದೆ. ಮೊದಲ ಮಳೆ ಬಿದ್ದೊಡನೆ ಕೆಂಪು ಮಖಮಲ್ಲಿನ ತುಣುಕಿನಂಥ ಹುಳುಗಳು ನೆಲದಿಂದ ಮೇಲೇಳುತ್ತವೆ. ಉರ್ದುವಿನಲ್ಲಿ ಇದನ್ನು ಬೀರ್ ಬಹೂಟಿ ಎನ್ನುತ್ತೇವೆ. ಇಷ್ಟೆಲ್ಲ ಇರುವ ನೆಲಕ್ಕೆ ಕಾಗದಪತ್ರಗಳಲ್ಲಿ ಸಿಗುವ ಹೆಸರು ‘ಬಂಜರು’.

ಚಳ್ಳಕೆರೆಯ ಕಾವಲುಗಳು ಇದಕ್ಕೆ ಸಾಕ್ಷಿ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಹೈದರ್ ಅಲಿ ಬೆಳೆಸಿದ, ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. ಆ ದನಗಳ ಮೇವಿಗಾಗಿ ಕಾದಿಟ್ಟ ಹುಲ್ಲುಗಾವಲುಗಳಲ್ಲಿ ಕೃಷ್ಣಮೃಗದಿಂದ ಹಿಡಿದು ಮಿಡತೆಯವರೆಗೆ ಜೀವಸಂಕುಲವಿದೆ. 2009ರ ನಂತರ ಚಳ್ಳಕೆರೆಯ ಕಾವಲಿನ ಸುಮಾರು 10,000 ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಕುರಿಗಾಹಿಗಳೂ ಪರಿಸರವಾದಿಗಳೂ ವಿರೋಧಿಸಿದರು, ವಿವಾದ ಹಸಿರು ನ್ಯಾಯಾಧಿಕರಣದ ಮೆಟ್ಟಿಲೇರಿತು. ದೇಶಕ್ಕೆ ಆ ಸಂಸ್ಥೆಗಳು ಬೇಕು, ನಿಜ. ಆದರೆ ಏನಿದೆ ಎಂದು ಮೊದಲು ನೋಡದೆ ‘ಏನೂ ಇಲ್ಲ’ ಎಂದು ತೀರ್ಮಾನಿಸುವುದು ವಿಜ್ಞಾನದ ರೀತಿಯಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು

ಪ್ರಿಯ ವಿದ್ಯಾರ್ಥಿಗಳೇ, ಜಟಿಂಗ ರಾಮೇಶ್ವರಕ್ಕೆ ಹೋದರೆ ಶಾಸನವನ್ನು ನೋಡಿರಿ. ಜೊತೆಗೆ ಬಂಡೆಯ ಸಂದಿಯಲ್ಲಿರುವ ಓತಿಕೇತವನ್ನೂ, ಮಣ್ಣಿನಲ್ಲಿ ಗುಣಿ ತೋಡಿ ಇರುವೆಗಾಗಿ ಕಾಯುವ ಹುಳುವನ್ನೂ ನೋಡಿರಿ. ದಿನಾಂಕ, ಸ್ಥಳ, ಕಂಡದ್ದು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹೆಸರು ತಿಳಿಯದಿದ್ದರೆ ಅಲ್ಲಿನ ಕುರಿಗಾಹಿಯನ್ನೋ ಅಜ್ಜಿಯನ್ನೋ ಕೇಳಿರಿ. ಬುಕಾನನ್ ಮಾಡಿದ್ದೂ ಅದನ್ನೇ. ಗಿಡ ಕೀಳಬೇಡಿ, ಆಮೆ ಅಥವಾ ಉಡ ಹಿಡಿಯಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವುಗಳ ರಕ್ಷಣೆಗಿದೆ.

ಬಂಡೆಯ ಮೇಲಿನ ಅಕ್ಷರ ಸವೆದಾಗ ಪಕ್ಕದ ಎರಡು ಪ್ರತಿಗಳು ನಮ್ಮ ನೆರವಿಗೆ ಬಂದವು. ಒಂದು ಗಿಡವೋ ಹುಳುವೋ ಅಳಿದರೆ ಓದಿಕೊಳ್ಳಲು ಬೇರೆ ಪ್ರತಿ ಇರುವುದಿಲ್ಲ. ಆದ್ದರಿಂದ ಇರುವಾಗಲೇ ನೋಡಿಕೊಳ್ಳೋಣ.