ಬುತ್ತಿಗೆ ಇಳಿಯುವ ಹಕ್ಕಿ: ವೈಟ್ ಮೌಂಟನ್ಸ್ ಕಾಡಿನ ಜೇ ಮತ್ತು ಒಂದು ಛಾಯಾಚಿತ್ರದ ಪೂರ್ವಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿರುವ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ವೈಟ್ ಮೌಂಟನ್ಸ್ ಪರ್ವತಶ್ರೇಣಿಯನ್ನು ಹತ್ತಿಬಂದ ಚಾರಣಿಗರ ಚಿತ್ರಸಂಗ್ರಹಗಳಲ್ಲಿ ಒಂದೇ ಬಗೆಯ ಛಾಯಾಚಿತ್ರ ಮತ್ತೆಮತ್ತೆ ಕಾಣಸಿಗುತ್ತದೆ: ಚಾಚಿದ ಅಂಗೈ, ಅದರ ಮೇಲೊಂದು ಬ್ರೆಡ್ಡಿನ ಚೂರು, ಬೆರಳ ತುದಿಯನ್ನು ಹಿಡಿದು ಕೂತ ಬೂದುಬಣ್ಣದ ಹಕ್ಕಿ, ಹಿನ್ನೆಲೆಯಲ್ಲಿ ಹಿಮ ಹೊತ್ತ ಫರ್ ಮರಗಳು. ಕಾಡುಹಕ್ಕಿಯೊಂದು ಹೆದರದೆ ಮನುಷ್ಯನ ಕೈಗೆ ಇಳಿದುಬರುವ ಈ ನೋಟವನ್ನು ಜನ ಸ್ನೇಹದ ಗುರುತೆಂದು ಮೆಚ್ಚಿಕೊಂಡಿದ್ದಾರೆ. ಆದರೆ ಇದು ಕ್ಯಾಮೆರಾದ ಕಾಲದಲ್ಲಿ ಹುಟ್ಟಿದ ಸಲುಗೆಯಲ್ಲ. ಬೇಟೆಗಾರರ, ತುಪ್ಪಳ ವ್ಯಾಪಾರಿಗಳ, ಮರ ಕಡಿಯುವವರ ಬುತ್ತಿಯ ಸುತ್ತ ಶತಮಾನಗಳಿಂದ ನಡೆದುಬಂದ ವ್ಯವಹಾರವೊಂದರ ಇತ್ತೀಚಿನ ಅಧ್ಯಾಯ ಇದು. ಆ ವ್ಯವಹಾರದಲ್ಲಿ ಹಕ್ಕಿಯ ಕಡೆಯ ಲೆಕ್ಕ ಏನೆಂಬುದನ್ನು ಅರಿಯದೆ ಆ ಚಿತ್ರದ ಅರ್ಥ ಪೂರ್ಣವಾಗುವುದಿಲ್ಲ.

ಈ ಹಕ್ಕಿ ಕೆನಡಾ ಜೇ. ಕಾಗೆಯ ಕುಟುಂಬಕ್ಕೆ ಸೇರಿದ, ಸುಮಾರು 25ರಿಂದ 29 ಸೆಂಟಿಮೀಟರ್ ಉದ್ದದ, 70 ಗ್ರಾಂ ಆಸುಪಾಸಿನ ತೂಕದ ಇದರ ಹಣೆ ಬಿಳುಪು, ಹಿಂತಲೆ ಗಾಢ ಬೂದು, ಕೊಕ್ಕು ಗಿಡ್ಡ, ಪುಕ್ಕ ಹಿಂಜಿದ ಹತ್ತಿಯಂತೆ ಮೃದು. ಉತ್ತರ ಅಮೆರಿಕದ ಸ್ಪ್ರೂಸ್ ಮತ್ತು ಫರ್ ಕಾಡುಗಳು, ಎಂದರೆ ಸೂಜಿಯಂಥ ಎಲೆಗಳನ್ನು ವರ್ಷವಿಡೀ ಹೊತ್ತಿರುವ ಮರಗಳ ಶೀತಲ ಅಡವಿಗಳು, ಇದರ ಬೀಡು. ಆ ಕಾಡಿನ ವ್ಯಾಪ್ತಿಯ ದಕ್ಷಿಣದ ಅಂಚು ಪರ್ವತಗಳ ಎತ್ತರವನ್ನು ಆಶ್ರಯಿಸಿ ನ್ಯೂ ಹ್ಯಾಂಪ್‌ಷೈರ್‌ವರೆಗೆ ಚಾಚಿಕೊಂಡಿರುವುದರಿಂದ, ಅಲ್ಲಿ ಜೇ ಹಕ್ಕಿಯನ್ನು ಕಾಣಬೇಕಾದವರು ಬೆಟ್ಟ ಹತ್ತಲೇಬೇಕು. ಸುಮಾರು 1,320 ಮೀಟರ್ ಎತ್ತರದ ಫೀಲ್ಡ್ ಶಿಖರ ಮತ್ತು ಅದರ ನೆರೆಯ ಬೆಟ್ಟಗಳು ಈ ಭೇಟಿಗೆ ವಿಶೇಷವಾಗಿ ಹೆಸರಾಗಿವೆ.

ಹಕ್ಕಿಯ ಹೆಸರುಗಳೇ ಅದರ ನಡತೆಯ ಚರಿತ್ರೆಯನ್ನು ಹೇಳುತ್ತವೆ. ಕ್ರೀ ಮತ್ತು ಅವರಿಗೆ ಭಾಷಾಸಂಬಂಧವುಳ್ಳ ಮೂಲನಿವಾಸಿ ಜನಾಂಗಗಳ ಕಥೆಗಳಲ್ಲಿ ವಿಸಾಕೆಡ್ಜಾಕ್ ಎಂಬ ಮಾಯಾವಿ ಇದ್ದಾನೆ. ವೇಷ ಮರೆಸುವ, ಮೋಸ ಮಾಡುವ, ತಾನೂ ಮೋಸಹೋಗುವ, ಆದರೂ ಲೋಕಕ್ಕೆ ಉಪಕಾರಿಯಾದ ಪಾತ್ರ ಅವನದು. ಈ ಹಕ್ಕಿಗೂ ಅಂಟಿಕೊಂಡ ಆ ಹೆಸರು ಇಂಗ್ಲಿಷರ ಬಾಯಲ್ಲಿ ಸವೆದು ‘ವಿಸ್ಕಿ ಜ್ಯಾಕ್’ ಆಯಿತೇ ಹೊರತು ಅದಕ್ಕೂ ಮದ್ಯಕ್ಕೂ ನಂಟಿಲ್ಲ. ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯ ನೌಕರನಾಗಿ ಕೆನಡಾದ ಉತ್ತರದ ಬಯಲುಗಳನ್ನು ಕಾಲ್ನಡಿಗೆಯಲ್ಲಿ ದಾಟಿದ ಸ್ಯಾಮ್ಯುಯೆಲ್ ಹರ್ನ್, 1795ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಹಕ್ಕಿಯ ಸ್ಥಳೀಯ ಹೆಸರನ್ನೂ ಬಿಡಾರಗಳಿಂದ ಆಹಾರ ಕದಿಯುವ ಅದರ ಚಾಳಿಯನ್ನೂ ದಾಖಲಿಸಿದ್ದಾನೆ. ಅದಕ್ಕೂ ಮೊದಲೇ, 1766ರಲ್ಲಿ, ಜೀವಿಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದ ಸ್ವೀಡನ್ನಿನ ಲಿನೇಯಸ್ ಇದನ್ನು ಕೆನಡಾದ ಕಾಗೆ ಎಂಬರ್ಥದ ಲ್ಯಾಟಿನ್ ಹೆಸರಿನಿಂದ ಪಟ್ಟಿಗೆ ಸೇರಿಸಿದ್ದ. ಹೀಗೆ ಈ ಹಕ್ಕಿ ಲಿಖಿತ ದಾಖಲೆಗಳೊಳಗೆ ಬಂದ ಕಾಲಕ್ಕಾಗಲೇ ಮನುಷ್ಯರ ಒಲೆಯ ಬಳಿ ಅದರ ಜಾಗ ಗಟ್ಟಿಯಾಗಿತ್ತು.

ಒಲೆಯ ಬಳಿಯ ಆ ಜಾಗ ಸುರಕ್ಷಿತವಾಗಿತ್ತೆಂದು ಹೇಳುವಂತಿಲ್ಲ. ಚಿತ್ರಕಾರ ಹಾಗೂ ಪಕ್ಷಿತಜ್ಞ ಜಾನ್ ಜೇಮ್ಸ್ ಆಡುಬಾನ್ ತನ್ನ ಪ್ರಸಿದ್ಧ ಪಕ್ಷಿಚಿತ್ರ ಮಾಲಿಕೆಯ 107ನೆಯ ಫಲಕದಲ್ಲಿ ಕೆನಡಾ ಜೇಯನ್ನು ಬರೆದು, ಅದಕ್ಕೆ ಜೋಡಿಯಾಗಿ ಪ್ರಕಟಿಸಿದ ಬರಹದಲ್ಲಿ ಮೇನ್ ರಾಜ್ಯದ ಮರ ಕಡಿಯುವವರ ಆಟವೊಂದನ್ನು ವಿವರಿಸಿದ್ದಾನೆ. ಬಿಡಾರದಲ್ಲಿ ಅವರು ಉದ್ದನೆಯ ಗಳವೊಂದನ್ನು ಗುಡಿಸಲಿನ ಹೊಸ್ತಿಲ ಮೇಲೆ ಏತದಂತೆ ಇರಿಸಿ, ಹೊರಗಿನ ತುದಿಗೆ ಮಾಂಸದ ತುಂಡು ಇಟ್ಟು, ಹಕ್ಕಿ ಬಂದು ಅದನ್ನು ತಿನ್ನತೊಡಗಿದಾಗ ಒಳಗಿನ ತುದಿಯನ್ನು ಬಲವಾಗಿ ಬಡಿಯುತ್ತಿದ್ದರು. ಆ ರಭಸಕ್ಕೆ ಮೇಲೆ ಚಿಮ್ಮಿದ ಹಕ್ಕಿ ಎಷ್ಟೋ ಸಲ ಸತ್ತು ಬೀಳುತ್ತಿತ್ತು. ತಿನಿಸು ತೋರಿಸಿ ಹಕ್ಕಿಯನ್ನು ಹತ್ತಿರ ಕರೆಯುವ ಉಪಾಯ ಛಾಯಾಗ್ರಾಹಕರ ಕೈಗೆ ಬರುವ ಎಷ್ಟೋ ಮೊದಲು ಇಂಥ ಕೈಗಳಲ್ಲಿಯೂ ಇತ್ತೆಂಬುದನ್ನು ಈ ಚರಿತ್ರೆ ಬಚ್ಚಿಡಬಾರದು.

ಅದೇ ಮರ ಕಡಿಯುವವರ ನಡುವೆ ಇದಕ್ಕೆ ತದ್ವಿರುದ್ಧವಾದ ನಂಬಿಕೆಯೂ ಬೆಳೆಯಿತು. ಅವರ ಮಾತಿನಲ್ಲಿ ಈ ಹಕ್ಕಿ ‘ಗೋರ್ಬಿ’. ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ಕಡೆಯ ಆಡುಮಾತಿನಲ್ಲಿ ಹೊಟ್ಟೆಬಾಕ ಎಂಬರ್ಥ ಕೊಡುವ ಪದದೊಂದಿಗೆ ವಿದ್ವಾಂಸರು ಈ ಹೆಸರನ್ನು ಜೋಡಿಸುತ್ತಾರೆ. ಕಾಡಿನಲ್ಲಿ ಸತ್ತ ಕೂಲಿಯಾಳಿನ ಜೀವ ಗೋರ್ಬಿಯಾಗಿ ಬಿಡಾರಕ್ಕೆ ಮರಳಿಬರುತ್ತದೆ, ಗೋರ್ಬಿಗೆ ಮಾಡಿದ ಹಿಂಸೆ ಮಾಡಿದವನಿಗೇ ತಿರುಗುತ್ತದೆ ಎಂದು ಅವರು ನಂಬಿದರು. ಮೇನ್ ವಿಶ್ವವಿದ್ಯಾಲಯದ ಜಾನಪದ ವಿದ್ವಾಂಸ ಎಡ್ವರ್ಡ್ ಐವ್ಸ್ 1961ರಲ್ಲಿ ಪ್ರಕಟಿಸಿದ ಅಧ್ಯಯನದ ವಸ್ತು ಅಂಥದೇ ಒಂದು ಐತಿಹ್ಯ: ಕ್ರೂರಿಯೊಬ್ಬ ಗೋರ್ಬಿಯನ್ನು ಹಿಡಿದು ಗರಿಗಳನ್ನೆಲ್ಲ ಕಿತ್ತು ಚಳಿಗೆ ಬಿಟ್ಟ, ಮರುದಿನ ಬೆಳಗ್ಗೆ ಅವನು ಎದ್ದಾಗ ತಲೆಗೂದಲೆಲ್ಲ ಉದುರಿ ದಿಂಬಿನ ಮೇಲಿತ್ತು. ಶ್ರಾದ್ಧದ ದಿನ ಕಾಗೆ ಬಂದು ಪಿಂಡ ಮುಟ್ಟಲೆಂದು ಕಾಯುವ ಕನ್ನಡ ನಾಡಿನ ಓದುಗರಿಗೆ ಈ ನಂಬಿಕೆ ಅಪರಿಚಿತವೆನಿಸಲಾರದು. ಈ ಹಕ್ಕಿಯ ಹತ್ತಿರದ ಸಂಬಂಧಿಯಾದ ಸೈಬೀರಿಯನ್ ಜೇಯನ್ನು ಫಿನ್ಲೆಂಡಿನ ಜನ ಸತ್ತ ಬೇಟೆಗಾರನ ಆತ್ಮವೆಂದು ಭಾವಿಸಿದ್ದನ್ನು ನೆನೆದರೆ, ಉಣ್ಣುವ ಹೊತ್ತಿಗೆ ಸರಿಯಾಗಿ ಬಂದು ಕೂರುವ ಹಕ್ಕಿಯಲ್ಲಿ ಅಗಲಿದವರನ್ನು ಕಾಣುವುದು ಒಂದು ನಾಡಿಗೆ ಮಾತ್ರ ಸೀಮಿತವಾದ ಭಾವವಲ್ಲವೆಂದು ತಿಳಿಯುತ್ತದೆ.

ವೈಟ್ ಮೌಂಟನ್ಸ್‌ನಲ್ಲಿ ಮರ ಕಡಿಯುವವರ ಕಾಲವೂ ಚಾರಣಿಗರ ಕಾಲವೂ ಒಂದೇ ದಾರಿಯ ಮೇಲೆ ಹಾದುಹೋಗಿವೆ. ಫೀಲ್ಡ್ ಶಿಖರದ ಪಶ್ಚಿಮಕ್ಕಿರುವ ಝೀಲೆಂಡ್ ಕಣಿವೆಗೆ 1880ರ ದಶಕದಲ್ಲಿ ಮರದ ವ್ಯಾಪಾರಿ ಜೆ. ಇ. ಹೆನ್ರಿ ರೈಲುಹಾದಿ ಹಾಕಿಸಿ, ಬಿಡಾರಗಳನ್ನು ಕಟ್ಟಿಸಿ, ಸ್ಪ್ರೂಸ್ ಕಾಡನ್ನು ಕಡಿಸಿದ. ಕಡಿದುಳಿದ ಒಣ ರೆಂಬೆಗಳ ರಾಶಿಗೆ 1886ರಲ್ಲಿಯೂ 1903ರಲ್ಲಿಯೂ ಬೆಂಕಿ ಬಿದ್ದು ಕಣಿವೆ ಬೋಳಾಯಿತು. ಇಂಥ ನಾಶದ ವಿರುದ್ಧ ಎದ್ದ ಜನಾಭಿಪ್ರಾಯದ ಒತ್ತಡದಿಂದ 1911ರಲ್ಲಿ ವೀಕ್ಸ್ ಕಾಯಿದೆ, ಎಂದರೆ ಪೂರ್ವಭಾಗದ ಖಾಸಗಿ ಅರಣ್ಯಗಳನ್ನು ಕೊಂಡು ಕಾಪಾಡಲು ಕೇಂದ್ರ ಸರಕಾರಕ್ಕೆ ಅಧಿಕಾರ ಕೊಟ್ಟ ಶಾಸನ, ಜಾರಿಯಾಗಿ, 1918ರಲ್ಲಿ ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯ ರೂಪುಗೊಂಡಿತು. ಕಾಡು ಮತ್ತೆ ಚಿಗುರಿತು. ಹೆನ್ರಿಯ ರೈಲು ಓಡಿದ ಸಮತಟ್ಟು ದಿಬ್ಬದ ಮೇಲೆ ಇಂದು ಚಾರಣಿಗರು ನಡೆಯುತ್ತಾರೆ. ಒಂದು ಕಾಲದಲ್ಲಿ ಕೂಲಿಗಳ ಬೀನ್ಸ್ ಕಾಳಿಗೂ ಹಂದಿಮಾಂಸಕ್ಕೂ ಕಾದಿದ್ದ ಹಕ್ಕಿಯ ಸಂತತಿ ಈಗ ಚಾರಣಿಗರ ಬೆನ್ನಚೀಲ ಬಿಚ್ಚುವ ಸದ್ದಿಗೆ ಇಳಿದುಬರುತ್ತದೆ.

ಛಾಯಾಗ್ರಹಣವು ಈ ಬೆಟ್ಟಗಳಿಗೆ ಬೇಗ ಬಂದಿತಾದರೂ ಹಕ್ಕಿಯ ಬಳಿಗೆ ಬರಲು ತಡಮಾಡಿತು. ಲಿಟಲ್‌ಟನ್ ಪಟ್ಟಣದ ಕಿಲ್ಬರ್ನ್ ಸಹೋದರರು 1860ರ ದಶಕದಿಂದಲೇ ಈ ಶ್ರೇಣಿಯ ನೋಟಗಳನ್ನು ಸ್ಟೀರಿಯೋ ಚಿತ್ರಗಳಾಗಿ, ಎಂದರೆ ಅಕ್ಕಪಕ್ಕದ ಎರಡು ಪ್ರತಿಗಳನ್ನು ವಿಶೇಷ ಮಸೂರದಲ್ಲಿ ನೋಡಿದಾಗ ಆಳದ ಭ್ರಮೆ ಹುಟ್ಟಿಸುವ ಜೋಡಿಚಿತ್ರಗಳಾಗಿ, ಮಾರುತ್ತಿದ್ದರು. ಆದರೆ ಆ ಕಾಲದ ಗಾಜಿನ ಫಲಕಗಳು ಬೆಳಕನ್ನು ನಿಧಾನವಾಗಿ ಹೀರುತ್ತಿದ್ದುದರಿಂದ ಶಿಖರವೂ ಜಲಪಾತವೂ ಚಿತ್ರಕ್ಕೆ ಸಿಕ್ಕವೇ ಹೊರತು ಕ್ಷಣಮಾತ್ರ ಕೂತು ಹಾರುವ ಹಕ್ಕಿ ಸಿಗಲಿಲ್ಲ. 1888ರಲ್ಲಿ ನೂರು ಚಿತ್ರಗಳ ಸುರುಳಿಯೊಂದಿಗೆ ಬಂದ ಕೊಡಾಕ್ ಪೆಟ್ಟಿಗೆಯೂ 1900ರಲ್ಲಿ ಒಂದು ಡಾಲರಿಗೆ ಸಿಕ್ಕ ಬ್ರೌನಿಯೂ ಕ್ಯಾಮೆರಾವನ್ನು ಸಾಮಾನ್ಯರ ಕೈಗೆ ಕೊಟ್ಟರೂ, ಅವುಗಳ ಸ್ಥಿರ ಮಸೂರಕ್ಕೆ ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ, ದೂರದ ಹಕ್ಕಿ ಚುಕ್ಕೆಯಾಗಿ ಉಳಿಯುತ್ತಿತ್ತು. ಮಸೂರದ ಮೂಲಕವೇ ದೃಶ್ಯವನ್ನು ನೋಡಿ ಹೊಂದಿಸಬಲ್ಲ 35 ಮಿಲಿಮೀಟರ್ ಕ್ಯಾಮೆರಾಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದ ಮೇಲೆ ಕೈಮೇಲಿನ ಹಕ್ಕಿಯ ಚಿತ್ರ ಹವ್ಯಾಸಿಗಳಿಗೂ ಸಾಧ್ಯವಾಯಿತು. ಕಡೆಗೆ ಜೇಬಿನ ಮೊಬೈಲು ಅದನ್ನು ಎಲ್ಲರದಾಗಿಸಿತು.

ಇದೇ ಅವಧಿಯಲ್ಲಿ ಬೆಟ್ಟ ಹತ್ತುವ ರೂಢಿಯೂ ಬದಲಾಯಿತು. 1876ರಲ್ಲಿ ಸ್ಥಾಪನೆಯಾದ ಅಪಲಾಚಿಯನ್ ಮೌಂಟನ್ ಕ್ಲಬ್, 4,000 ಅಡಿಗೂ ಮೀರಿದ ಶಿಖರಗಳನ್ನೆಲ್ಲ ಹತ್ತಿದವರಿಗಾಗಿ 1957ರಲ್ಲಿ ಒಂದು ವಿಶೇಷ ಬಳಗವನ್ನು ಆರಂಭಿಸಿತು. ಇಂದು ಆ ಪಟ್ಟಿಯಲ್ಲಿರುವ ನ್ಯೂ ಹ್ಯಾಂಪ್‌ಷೈರ್‌ನ 48 ಶಿಖರಗಳಲ್ಲಿ ಫೀಲ್ಡ್ ಕೂಡ ಒಂದು. ಮರಗಳು ಮುಚ್ಚಿಕೊಂಡಿರುವ ಆ ತುದಿಯಿಂದ ಕಾಣುವ ನೋಟ ಅಷ್ಟಕ್ಕಷ್ಟೆ. ಅಲ್ಲಿ ಊಟಕ್ಕೆ ಕೂತವರಿಗೆ ಸಿಗುವ ಬಹುಮಾನ ಹಕ್ಕಿಯೇ. ಅದು ಸದ್ದಿಲ್ಲದೆ ಒಂದು ಕೊಂಬೆಯಿಂದ ಇನ್ನೊಂದಕ್ಕೆ ತೇಲಿಬಂದು, ತಲೆ ಓರೆಮಾಡಿ ಮೊದಲು ಕೈಯನ್ನೂ ಬಳಿಕ ಮುಖವನ್ನೂ ನೋಡಿ, ಹಗುರಾದ ಉಗುರುಗಳಿಂದ ಬೆರಳನ್ನು ಹಿಡಿಯುತ್ತದೆ. ಚೂರುಗಳು ಎರಡು ಮೂರಿದ್ದರೆ ಅವನ್ನೆಲ್ಲ ಗಂಟಲಿಗೆ ಸೇರಿಸಿಕೊಂಡು ಹಾರುತ್ತದೆ, ಕೆಲವೇ ನಿಮಿಷಗಳಲ್ಲಿ ಮತ್ತೆ ಬರುತ್ತದೆ. ಛಾಯಾಚಿತ್ರ ಈ ಬರುವಿಕೆಯನ್ನು ಹಿಡಿಯುತ್ತದೆ. ಹಕ್ಕಿಯ ಬದುಕು ನಿಂತಿರುವುದು ಅದು ಹಾರಿಹೋದ ನಂತರದ ಕೆಲಸದ ಮೇಲೆ.

ಕೊಂಡೊಯ್ದದ್ದನ್ನು ಹಕ್ಕಿ ಅಲ್ಲೇ ತಿಂದು ಮುಗಿಸುವುದು ಕಡಿಮೆ. ದೊಡ್ಡದಾದ ಜೊಲ್ಲುಗ್ರಂಥಿಗಳಿಂದ ಒಸರುವ ಅಂಟಿನಲ್ಲಿ ಅದನ್ನು ಉರುಳಿಸಿ ಉಂಡೆಮಾಡಿ, ಮರದ ತೊಗಟೆಯ ಸೀಳಿನಲ್ಲೋ ಕಲ್ಲುಹೂವಿನ ಪದರದ ಅಡಿಯಲ್ಲೋ ಸೂಜಿ ಎಲೆಗಳ ಗೊಂಚಲಿನಲ್ಲೋ ಅಂಟಿಸಿಡುತ್ತದೆ. ಬೇಸಿಗೆಯ ದೀರ್ಘ ದಿನಗಳಲ್ಲಿ ಒಂದು ಹಕ್ಕಿ ದಿನಕ್ಕೆ ಸಾವಿರದವರೆಗೂ ಇಂಥ ಉಂಡೆಗಳನ್ನು ಅಡಗಿಸಬಲ್ಲದೆಂದು ಸಂಶೋಧಕರು ಅಂದಾಜಿಸಿದ್ದಾರೆ. ಹುಳು, ಹಣ್ಣು, ಅಣಬೆ, ಸತ್ತ ಪ್ರಾಣಿಯ ಮಾಂಸ, ಚಾರಣಿಗನ ಬ್ರೆಡ್ಡು ಎಲ್ಲವೂ ಅದರ ಪಾಲಿಗೆ ಚಳಿಗಾಲದ ಬುತ್ತಿ. ನೆಲದ ಮೇಲೆ ಬಚ್ಚಿಟ್ಟರೆ ಹಿಮದಡಿ ಹೂತುಹೋಗುವ ನಾಡಿನಲ್ಲಿ ಮರಕ್ಕೆ ಅಂಟಿಸಿಡುವ ಈ ವಿದ್ಯೆಯೇ ಹಕ್ಕಿಯನ್ನು ವಲಸೆ ಹೋಗದಂತೆ ಉಳಿಸಿದೆ. ತೋಳ ಕೊಂದ ಬೇಟೆಯ ಬಳಿಗೂ ಬೇಟೆಗಾರನ ಬೆಂಕಿಯ ಬಳಿಗೂ ಅದನ್ನು ಕರೆತಂದದ್ದು ಸಂಗ್ರಹಿಸಬೇಕೆಂಬ ಈ ತುರ್ತು. ಆದ್ದರಿಂದ ಅದರ ಧೈರ್ಯವನ್ನು ಪಳಗಿದ ಪ್ರಾಣಿಯ ಸಲುಗೆಯೆಂದು ಎಣಿಸುವುದು ಸರಿಯಲ್ಲ. ಅದು ಮುಂದಿನ ಮಾಗಿಯನ್ನು ಮರೆಯದ ಜೀವಿಯ ದುಡಿಮೆ.

ಈ ಬುತ್ತಿಯ ಬಲದಿಂದಲೇ ಕೆನಡಾ ಜೇ ಉಷ್ಣತೆ ಮೈನಸ್ 20 ಡಿಗ್ರಿಗೂ ಇಳಿಯಬಹುದಾದ ದಿನಗಳಲ್ಲಿ, ಫೆಬ್ರುವರಿಯ ಕೊನೆಯಿಂದ ಮಾರ್ಚಿನ ನಡುವೆ, ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಕೆನಡಾದ ಒಂಟಾರಿಯೋ ಪ್ರಾಂತದ ಆಲ್ಗಾನ್‌ಕ್ವಿನ್ ಉದ್ಯಾನದಲ್ಲಿ ರಸ್ ರಟರ್ 1960ರ ದಶಕದಲ್ಲಿ ಆರಂಭಿಸಿ, ಉದ್ಯಾನದ ಮುಖ್ಯ ನಿಸರ್ಗತಜ್ಞರಾಗಿದ್ದ ಡ್ಯಾನ್ ಸ್ಟ್ರಿಕ್ಲೆಂಡ್ ದಶಕಗಳ ಕಾಲ ಮುಂದುವರಿಸಿದ ಅಧ್ಯಯನ ಈ ಜೀವನಕ್ರಮವನ್ನು ಬೆಳಕಿಗೆ ತಂದಿತು. ಅಲ್ಲಿಯ ಹಕ್ಕಿಗಳ ಕಾಲಿಗೆ ಬಣ್ಣದ ಬಳೆಗಳನ್ನು ತೊಡಿಸಿ ಒಂದೊಂದನ್ನೂ ಗುರುತಿಟ್ಟು ನೋಡಲಾಯಿತು. ಜೂನ್ ತಿಂಗಳಲ್ಲಿ ಒಡಹುಟ್ಟಿದ ಮರಿಗಳಲ್ಲಿ ಬಲಿಷ್ಠವಾದದ್ದು ಉಳಿದವನ್ನು ಓಡಿಸಿ ತಂದೆತಾಯಿಯ ಜತೆ ತಾನೊಂದೇ ನಿಲ್ಲುತ್ತದೆಂಬ ಸಂಗತಿಯೂ ಆ ಅಧ್ಯಯನದಿಂದ ತಿಳಿಯಿತು. ಅಂಗೈಗೆ ಬರುವ ಹಕ್ಕಿಗಳು ಹಲವು ಬಾರಿ ಮೂರಾಗಿರುವುದರ ಹಿಂದೆ ಈ ಕಠಿಣ ಗೃಹಸೂತ್ರವಿದೆ.

ಅದೇ ಅಧ್ಯಯನ ಆತಂಕದ ಸುದ್ದಿಯನ್ನೂ ಕೊಟ್ಟಿತು. ಹಕ್ಕಿಯ ವಾಸವ್ಯಾಪ್ತಿಯ ದಕ್ಷಿಣದ ಅಂಚಿಗೆ ಹತ್ತಿರವಿರುವ ಆಲ್ಗಾನ್‌ಕ್ವಿನ್‌ನಲ್ಲಿ 1980ರ ದಶಕದಿಂದೀಚೆಗೆ ಅವುಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ. ಥಾಮಸ್ ವೇಟ್ ಮತ್ತು ಸ್ಟ್ರಿಕ್ಲೆಂಡ್ 2006ರಲ್ಲಿ ಮಂಡಿಸಿದ ವಾದದಂತೆ ಇದಕ್ಕೆ ಕಾರಣ ಬುತ್ತಿ ಹಳಸುವುದು: ಶರತ್ಕಾಲ ಬೆಚ್ಚಗಾದಂತೆ, ಶೀತವೇ ಕಾಪಾಡಬೇಕಾದ ಉಂಡೆಗಳು ಮರದಲ್ಲೇ ಕೊಳೆಯುತ್ತವೆ, ಗೂಡಿನ ಕಾಲಕ್ಕೆ ತಾಯಿಹಕ್ಕಿಗೆ ಆಹಾರ ಸಾಲದಾಗುತ್ತದೆ. ಹಿಮಗಟ್ಟಿ ಕರಗುವುದು ಪದೇಪದೇ ನಡೆದಾಗಲೂ ಸಂಗ್ರಹ ಸಾರ ಕಳೆದುಕೊಳ್ಳುತ್ತದೆಂಬುದನ್ನು ಮುಂದಿನ ಸಂಶೋಧನೆಗಳು ತೋರಿಸಿವೆ. ನ್ಯೂ ಹ್ಯಾಂಪ್‌ಷೈರ್‌ನ ಬೆಟ್ಟಗಳೂ ಅಂಥದೇ ದಕ್ಷಿಣದ ಅಂಚಿನಲ್ಲಿ ಇರುವುದರಿಂದ ಫೀಲ್ಡ್ ಶಿಖರದ ಚಿತ್ರಗಳನ್ನು ಈ ತಿಳಿವಳಿಕೆಯ ಬೆಳಕಿನಲ್ಲಿ ನೋಡಬೇಕಾಗಿದೆ.

ಹಾಗಾದರೆ ಚಿತ್ರಕ್ಕಾಗಿ ತಿನಿಸು ಕೊಡುವುದು ಉಪಕಾರವೇ, ಅಪಕಾರವೇ? ಹೆಚ್ಚುವರಿ ಆಹಾರ ಸಿಕ್ಕ ಆಲ್ಗಾನ್‌ಕ್ವಿನ್‌ನ ಜೋಡಿಗಳು ಬೇಗ ಮೊಟ್ಟೆಯಿಟ್ಟವೆಂಬ ಪ್ರಯೋಗಫಲವಿದೆ. ಆದರೆ ಒಂದು ಹಕ್ಕಿಗೆ ಸಿಕ್ಕ ತುತ್ತಿನ ಬೆಲೆಯನ್ನು ಇನ್ನೊಂದು ಜೀವಿ ತೆರಬೇಕಾದೀತು. ಪಶ್ಚಿಮ ಕರಾವಳಿಯ ಕ್ಯಾಲಿಫೋರ್ನಿಯದ ರೆಡ್‌ವುಡ್ ಕಾಡುಗಳಲ್ಲಿ ಪ್ರವಾಸಿಗರ ಊಟದ ಚೂರುಗಳಿಂದ ಹೆಚ್ಚಿಕೊಂಡ ಸ್ಟೆಲ್ಲರ್ಸ್ ಜೇ ಹಕ್ಕಿಗಳು, ಹಳೆಯ ಮಹಾವೃಕ್ಷಗಳಲ್ಲಿ ಗೂಡು ಮಾಡುವ ಮಾರ್ಬಲ್ಡ್ ಮರ್ಲೆಟ್ ಎಂಬ ಅಪಾಯದಂಚಿನ ಕಡಲಹಕ್ಕಿಯ ಮೊಟ್ಟೆಗಳನ್ನು ತಿನ್ನುತ್ತಿರುವುದರಿಂದ, ಒಂದು ಚೂರೂ ಉಳಿಸದೆ ಹೋಗಬೇಕೆಂದು ಅಲ್ಲಿಯ ಉದ್ಯಾನಗಳು ಪ್ರವಾಸಿಗರನ್ನು ಕೇಳಿಕೊಳ್ಳುತ್ತವೆ. ಅಮೆರಿಕದ ಮತ್ತು ಕೆನಡಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಕಾಡುಪ್ರಾಣಿಗಳಿಗೆ ತಿನಿಸು ಕೊಡುವುದೇ ನಿಷಿದ್ಧ. ನೋಡಲು ಬರುವ ಹಕ್ಕಿಗೆ ಕೈ ಚಾಚುವ ಅಗತ್ಯವೂ ಇಲ್ಲ: ಕೆನಡಾ ಜೇ ಬರಿಗೈಯವರನ್ನೂ ಪರೀಕ್ಷಿಸಲು ಹತ್ತಿರ ಬರುತ್ತದೆ, ಹತ್ತಿರದ ಕೊಂಬೆಯ ಮೇಲೆ ಕೂತು ಚಿತ್ರಕ್ಕೆ ಬೇಕಾದಷ್ಟು ಹೊತ್ತು ಕೊಡುತ್ತದೆ.

ಹೆಸರಿನ ವಿಚಾರದಲ್ಲಿಯೂ ಈ ಹಕ್ಕಿಗೆ ಒಂದು ಬಗೆಯ ನ್ಯಾಯ ಸಿಕ್ಕಿದೆ. ಅಮೆರಿಕದ ಪಕ್ಷಿತಜ್ಞರ ಅಧಿಕೃತ ಪಟ್ಟಿ 1957ರಲ್ಲಿ ಇದನ್ನು ಬರಿಯ ‘ಬೂದು ಜೇ’ ಎಂದು ಕರೆದಿತ್ತು. ಸ್ಟ್ರಿಕ್ಲೆಂಡ್ ಹಳೆಯ ಕಡತಗಳನ್ನು ಶೋಧಿಸಿ ವಾದ ಮಂಡಿಸಿದ ಮೇಲೆ 2018ರಲ್ಲಿ ‘ಕೆನಡಾ ಜೇ’ ಎಂಬ ಹೆಸರು ಮರಳಿ ಬಂದಿತು. ಕ್ರೀ ಜನರ ಮಾಯಾವಿ, ಮರ ಕಡಿಯುವವರ ಗೋರ್ಬಿ, ಚಾರಣಿಗರ ಕೈಮೇಲಿನ ಅತಿಥಿ ಎಂದು ಬಗೆಬಗೆಯಾಗಿ ಕರೆದವರೆಲ್ಲ ಅದು ತಮ್ಮ ಬಳಿಗೆ ಬಂದ ಗಳಿಗೆಯನ್ನೇ ಹೆಸರಿಸಿದರು. ಛಾಯಾಚಿತ್ರವೂ ಆ ಗಳಿಗೆಯನ್ನೇ ಉಳಿಸುತ್ತದೆ. ಆದರೆ ಅಂಗೈಯಿಂದ ಹೋದ ಚೂರು ಅಲ್ಲಿಂದ ಹತ್ತಾರು ಮರಗಳಾಚೆ, ಯಾವುದೋ ಸ್ಪ್ರೂಸ್ ತೊಗಟೆಯ ಅಡಿಯಲ್ಲಿ, ಜೊಲ್ಲಿನ ಅಂಟಿನಲ್ಲಿ ಗಟ್ಟಿಯಾಗಿ, ಫೆಬ್ರುವರಿಗಾಗಿ ಕಾಯುತ್ತಿರುತ್ತದೆ. ಅದು ಕೆಡದಷ್ಟು ಚಳಿಯನ್ನು ಆ ಬೆಟ್ಟಗಳಿಗೆ ಉಳಿಸಿಕೊಡುವುದು ಹಕ್ಕಿಯ ಚಿತ್ರವನ್ನು ಪ್ರೀತಿಯಿಂದ ಮನೆಗೆ ಒಯ್ದವರೆಲ್ಲರ ಮೇಲಿರುವ ಋಣ.